ಊರು, ಹಟ್ಟಿ, ಬಡಾವಣೆಗಳ ಅಧ್ಯಯನಕ್ಕೆ ನಂಬಲರ್ಹ ಆನ್‌ಲೈನ್ ಆಕರಗಳು: ಚಿತ್ರದುರ್ಗ–ದಾವಣಗೆರೆ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜಿನ ಕಿರುಪ್ರಬಂಧಕ್ಕಾಗಿ ತಮ್ಮ ಊರನ್ನೇ ಆಯ್ದುಕೊಂಡ ವಿದ್ಯಾರ್ಥಿಗಳು, ಶಾಲೆಯ ಶತಮಾನೋತ್ಸವದ ಸಂಚಿಕೆಗೆ ಲೇಖನ ಬರೆಯುವ ಶಿಕ್ಷಕರು, ಗ್ರಾಮ ಪಂಚಾಯಿತಿಯ ಯೋಜನೆ ತಯಾರಿಸುವ ಸದಸ್ಯರು ಮತ್ತು ತಮ್ಮ ಸಮುದಾಯದ ಚರಿತ್ರೆಯನ್ನು ತಾವೇ ಬರೆಯಲು ಹೊರಟ ಯುವಕ ಯುವತಿಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಉದಾಹರಣೆಗಳೆಲ್ಲವೂ ಈ ಎರಡು ಜಿಲ್ಲೆಗಳಿಗೆ ಸೇರಿದವು. ಯಾವುದೇ ಅಂಕಿ ಅಥವಾ ಹೇಳಿಕೆ ಕಣ್ಣಿಗೆ ಬಿದ್ದಾಗ ಅದು ಯಾವ ಗಡಿಗೆ ಮತ್ತು ಯಾವ ವರ್ಷಕ್ಕೆ ಸೇರಿದ್ದು ಎಂದು ಮೊದಲು ಕೇಳಿಕೊಳ್ಳಬೇಕು ಎಂಬ ಮಾತು ಬಹುತೇಕ ಎಲ್ಲ ಉತ್ತರಗಳಲ್ಲೂ ಬರುತ್ತದೆ; ಈ ಭಾಗದಲ್ಲಿ ಅದನ್ನು ಬಿಟ್ಟು ಮುಂದೆ ಹೋಗಲು ಸಾಧ್ಯವಿಲ್ಲ.

ನಮ್ಮ ಊರಿನ ಬಗ್ಗೆ ಹುಡುಕಬೇಕು. ಎಲ್ಲಿಂದ ಆರಂಭಿಸಬೇಕು?

ಊರಿನ ಗುರುತನ್ನು ಖಚಿತಪಡಿಸಿಕೊಳ್ಳುವುದರಿಂದ ಆರಂಭಿಸಿ. ನಿಮ್ಮ ಊರು ಕಂದಾಯ ಗ್ರಾಮವೇ ಅಥವಾ ಬೇರೊಂದು ಕಂದಾಯ ಗ್ರಾಮಕ್ಕೆ ಸೇರಿದ ಮಜರೆಯೇ, ಅದು ಯಾವ ಹೋಬಳಿ, ಯಾವ ಗ್ರಾಮ ಪಂಚಾಯಿತಿ, ಯಾವ ತಾಲ್ಲೂಕಿಗೆ ಸೇರಿದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿಯೊಂದು ಗ್ರಾಮಕ್ಕೂ ಪಂಚಾಯಿತಿಗೂ ಒಂದು ಸಂಕೇತ ಸಂಖ್ಯೆ ಇರುತ್ತದೆ. 2011ರ ಜನಗಣತಿಯಲ್ಲಿ ಪ್ರತಿ ಕಂದಾಯ ಗ್ರಾಮಕ್ಕೆ ಬೇರೆಯೇ ಆದ ಆರು ಅಂಕಿಗಳ ಸಂಕೇತ ಸಂಖ್ಯೆ ಇದೆ. ಈ ಎರಡೂ ಸಂಖ್ಯೆಗಳು ಕೈಯಲ್ಲಿದ್ದರೆ ಮುಂದಿನ ಹುಡುಕಾಟದ ಅರ್ಧ ಗೊಂದಲ ಕಡಿಮೆಯಾಗುತ್ತದೆ. ರಾಮಪುರ, ಹೊಸಹಳ್ಳಿ, ಗೊಲ್ಲರಹಟ್ಟಿ, ಸಿದ್ದಾಪುರ ಎಂಬ ಹೆಸರಿನ ಊರುಗಳು ರಾಜ್ಯದಲ್ಲಿ ಬೇಕಾದಷ್ಟಿವೆ. ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದಲ್ಲಿ ಅಶೋಕನ ಶಾಸನವಿದೆ, ಉತ್ತರ ಕನ್ನಡದ ಸಿದ್ದಾಪುರ ಒಂದು ತಾಲ್ಲೂಕು ಕೇಂದ್ರ. ಹೆಸರನ್ನಷ್ಟೇ ನಂಬಿ ಹುಡುಕಿದವರ ಟಿಪ್ಪಣಿಯಲ್ಲಿ ಇವೆರಡೂ ಕಲೆತುಹೋಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಒಂದೇ ಜಿಲ್ಲೆಯ ಜನಸಂಖ್ಯೆ ಬೇರೆ ಬೇರೆ ಕಡೆ ಬೇರೆ ಬೇರೆಯಾಗಿದೆ. ಯಾವುದು ಸರಿ?

ಅನೇಕ ಸಲ ಎಲ್ಲವೂ ಸರಿಯಾಗಿರುತ್ತವೆ, ಬದಲಾಗಿರುವುದು ಗಡಿ. ದಾವಣಗೆರೆ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ ಮತ್ತು ಜಗಳೂರು, ಶಿವಮೊಗ್ಗದಿಂದ ಚನ್ನಗಿರಿ ಮತ್ತು ಹೊನ್ನಾಳಿ, ಬಳ್ಳಾರಿಯಿಂದ ಹರಪನಹಳ್ಳಿ ತಾಲ್ಲೂಕುಗಳು ಹೊಸ ಜಿಲ್ಲೆಗೆ ಬಂದವು. ಮುಂದೆ 2018ರಲ್ಲಿ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಅದರ ಪಾಲಾಯಿತು. ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯಿತು. ಅಂದರೆ ಹರಪನಹಳ್ಳಿಯ ಒಬ್ಬ ಹಿರಿಯರು ಮನೆ ಬದಲಿಸದೆಯೇ ಮೂರು ಜಿಲ್ಲೆಗಳನ್ನು ಕಂಡಿದ್ದಾರೆ.

ಇದರ ಪರಿಣಾಮ ಅಂಕಿಗಳಲ್ಲಿ ಹೀಗೆ ಕಾಣುತ್ತದೆ. 1991ರ ಮೂಲ ವರದಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 21 ಲಕ್ಷವನ್ನು ದಾಟಿದೆ, 2001ರ ವರದಿಯಲ್ಲಿ ಅದು 15 ಲಕ್ಷದಷ್ಟಿದೆ. ಇದನ್ನು ನೋಡಿ ಬರಗಾಲ, ಗುಳೆ ಎಂದು ಕಾರಣ ಹುಡುಕಲು ಹೊರಟವರಿದ್ದಾರೆ. ವಾಸ್ತವದಲ್ಲಿ ಮೂರು ತಾಲ್ಲೂಕುಗಳು ಬೇರೆ ಜಿಲ್ಲೆಯ ಲೆಕ್ಕಕ್ಕೆ ಹೋಗಿದ್ದವು. ಹಾಗೆಯೇ 2011ರ ಗಣತಿಯಲ್ಲಿ ದಾವಣಗೆರೆ ಜಿಲ್ಲೆಯ ಜನಸಂಖ್ಯೆ 19,45,497. ಇದರಲ್ಲಿ ಹರಪನಹಳ್ಳಿ ತಾಲ್ಲೂಕಿನ ಸುಮಾರು ಮೂರು ಲಕ್ಷ ಜನ ಸೇರಿದ್ದಾರೆ, ಆದ್ದರಿಂದ ಇಂದಿನ ಗಡಿಗೆ ಹೊಂದಿಸಿದರೆ ಅದೇ ಗಣತಿಯ ಸಂಖ್ಯೆ ಸುಮಾರು 16.4 ಲಕ್ಷಕ್ಕೆ ಇಳಿಯುತ್ತದೆ. ಎರಡೂ ಸಂಖ್ಯೆಗಳು ಅಂತರ್ಜಾಲದಲ್ಲಿ ಓಡಾಡುತ್ತಿವೆ. ನೀವು ಯಾವುದನ್ನು ಬಳಸಿದರೂ ಅದರ ಪಕ್ಕದಲ್ಲಿ ಗಡಿಯನ್ನು ಬರೆಯಬೇಕು. ನ್ಯಾಮತಿ ಎಂಬ ತಾಲ್ಲೂಕು 2011ರ ಕೋಷ್ಟಕಗಳಲ್ಲಿ ಇಲ್ಲವೇ ಇಲ್ಲ; ಅದರ ಅಂಕಿ ಬೇಕಾದವರು ಹೊನ್ನಾಳಿ ತಾಲ್ಲೂಕಿನ ಗ್ರಾಮವಾರು ಪಟ್ಟಿಯಿಂದ ಒಂದೊಂದೇ ಊರನ್ನು ಆರಿಸಿ ಕೂಡಿಸಬೇಕಾಗುತ್ತದೆ. ಶ್ರಮದ ಕೆಲಸವೇ ಸರಿ, ಆದರೆ ಬೇರೆ ದಾರಿ ಇಲ್ಲ.

ನಗರಗಳಲ್ಲಿಯೂ ಇದೇ ತೊಡಕು. ದಾವಣಗೆರೆ ಮಹಾನಗರ ಪಾಲಿಕೆಗೆ 2019ರಲ್ಲಿ ಚುನಾವಣೆ ನಡೆದಾಗ 45 ವಾರ್ಡ್‌ಗಳಿದ್ದವು. 2011ರ ಗಣತಿಯ ವಾರ್ಡ್‌ಗಳ ಸಂಖ್ಯೆಯನ್ನೂ ಗಡಿಯನ್ನೂ ಅವಕ್ಕೆ ನೇರವಾಗಿ ಹೊಂದಿಸುವಂತಿಲ್ಲ.

ಜನಗಣತಿಯಲ್ಲಿ ಒಂದು ಹಳ್ಳಿಯ ಬಗ್ಗೆ ಏನೇನು ಸಿಗುತ್ತದೆ?

ಜಿಲ್ಲಾ ಜನಗಣತಿ ಕೈಪಿಡಿಯನ್ನು ತೆರೆಯಿರಿ. 2011ರ ಕೈಪಿಡಿಗಳು ಪ್ರತಿ ಜಿಲ್ಲೆಗೆ ಎರಡು ಭಾಗಗಳಲ್ಲಿ ಜನಗಣತಿ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಮೊದಲ ಭಾಗದಲ್ಲಿ ಊರಿನಲ್ಲಿರುವ ಶಾಲೆ, ಆಸ್ಪತ್ರೆ, ಕುಡಿಯುವ ನೀರು, ಬಸ್ಸು, ನೀರಾವರಿ ಮತ್ತು ಭೂಬಳಕೆಯ ವಿವರಗಳಿವೆ. ಎರಡನೆಯ ಭಾಗದಲ್ಲಿ ಮನೆಗಳು, ಹೆಣ್ಣು–ಗಂಡು ಸಂಖ್ಯೆ, ಆರು ವರ್ಷದೊಳಗಿನ ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡ, ಸಾಕ್ಷರರು ಮತ್ತು ದುಡಿಯುವವರ ವಿವರಗಳಿವೆ. 1951ರಿಂದಲೂ ಈ ಬಗೆಯ ಕೈಪಿಡಿಗಳು ಪ್ರಕಟವಾಗಿವೆ.

ಕೋಷ್ಟಕ ಓದುವಾಗ ಎರಡು ಕಡೆ ಎಚ್ಚರಿಕೆ ಬೇಕು. ಅನಕ್ಷರಸ್ಥರ ಅಂಕಣದಲ್ಲಿ ಆರು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳೂ ಸೇರಿರುತ್ತಾರೆ, ಆದರೆ ಸಾಕ್ಷರತಾ ಪ್ರಮಾಣವನ್ನು ಲೆಕ್ಕ ಹಾಕುವುದು ಏಳು ವರ್ಷ ತುಂಬಿದವರ ಮೇಲೆ ಮಾತ್ರ. ಮೊದಲು ಒಟ್ಟು ಜನಸಂಖ್ಯೆಯಿಂದ ಆ ಮಕ್ಕಳ ಸಂಖ್ಯೆಯನ್ನು ಕಳೆದು, ಆಮೇಲೆ ಸಾಕ್ಷರರನ್ನು ಭಾಗಿಸಬೇಕು. ಹಾಗೆ ಮಾಡದಿದ್ದರೆ ಊರಿನ ಸಾಕ್ಷರತೆ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಎರಡನೆಯದು ದುಡಿಯುವವರ ವರ್ಗೀಕರಣ. ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ಕೆಲಸ ಮಾಡಿದವರು ಮುಖ್ಯ ದುಡಿಮೆಗಾರರು, ಅದಕ್ಕಿಂತ ಕಡಿಮೆ ಮಾಡಿದವರು ಅಲ್ಪಕಾಲಿಕ ದುಡಿಮೆಗಾರರು. ಶೇಂಗಾ ಬೆಳೆಯುವ ಚಳ್ಳಕೆರೆಯಂಥ ಮಳೆಯಾಶ್ರಿತ ತಾಲ್ಲೂಕಿನಲ್ಲಿ ಈ ಎರಡನೆಯ ಅಂಕಣವನ್ನು, ಅದರಲ್ಲೂ ಹೆಂಗಸರ ಸಂಖ್ಯೆಯನ್ನು ನೋಡದೆ ಊರಿನ ದುಡಿಮೆಯ ಬಗ್ಗೆ ಬರೆಯಬಾರದು.

2021ರಲ್ಲಿ ಗಣತಿ ನಡೆಯಲಿಲ್ಲ. 2027ರ ಗಣತಿಯ ಗ್ರಾಮವಾರು ಅಂಕಿಗಳು ಪ್ರಕಟವಾಗುವವರೆಗೆ 2011ರವೇ ಕೊನೆಯ ಪೂರ್ಣ ಎಣಿಕೆಯ ಅಂಕಿಗಳು. ಅದರ ಮುಂದಿನ ವರ್ಷಗಳ ಜನಸಂಖ್ಯೆ ಎಂದು ಕೆಲವು ಜಾಲತಾಣಗಳು ಕೊಡುವ ಸಂಖ್ಯೆಗಳು ಅಂದಾಜುಗಳು. ಎಷ್ಟೋ ಕಡೆ ಅಂದಾಜು ಮಾಡಿದ ಕ್ರಮವನ್ನೂ ಅವು ಹೇಳುವುದಿಲ್ಲ. ಅಂಥವನ್ನು ಬಳಸಬೇಡಿ.

ನಮ್ಮದು ಗೊಲ್ಲರಹಟ್ಟಿ. ಜನಗಣತಿಯ ಪಟ್ಟಿಯಲ್ಲಿ ಹೆಸರೇ ಇಲ್ಲ. ನಾವು ಎಣಿಕೆಗೆ ಸಿಕ್ಕಿಲ್ಲವೇ?

ಎಣಿಕೆಗೆ ಸಿಕ್ಕಿದ್ದೀರಿ, ಆದರೆ ಬೇರೊಂದು ಊರಿನ ಹೆಸರಿನಲ್ಲಿ. ಗ್ರಾಮೀಣ ಪ್ರದೇಶದಲ್ಲಿ ಜನಗಣತಿಯ ಘಟಕ ಕಂದಾಯ ಗ್ರಾಮ. ಆ ಗ್ರಾಮದ ಎಲ್ಲೆಯೊಳಗೆ ಇರುವ ಗೊಲ್ಲರಹಟ್ಟಿ, ಲಂಬಾಣಿ ತಾಂಡಾ, ನಾಯಕರಹಟ್ಟಿ, ಭೋವಿ ಕಾಲೊನಿ, ಭದ್ರಾ ನಾಲೆಯ ಆಸುಪಾಸಿನ ಕ್ಯಾಂಪು, ಇವುಗಳಲ್ಲಿ ವಾಸಿಸುವ ಎಲ್ಲರೂ ಒಂದೇ ಸಾಲಿನಲ್ಲಿ ಸೇರಿಹೋಗುತ್ತಾರೆ. ಚಿತ್ರದುರ್ಗ ಜಿಲ್ಲೆಯಲ್ಲಿ ಇದು ಸಣ್ಣ ವಿಷಯವಲ್ಲ. ಕಾಡುಗೊಲ್ಲರು ಮತ್ತು ಮ್ಯಾಸಬೇಡರು ಊರಿನಿಂದ ಬೇರೆಯಾಗಿ, ತಮ್ಮದೇ ಹಟ್ಟಿಗಳಲ್ಲಿ, ತಮ್ಮದೇ ಗುಡಿ ಕಟ್ಟುಪಾಡುಗಳೊಂದಿಗೆ ಬದುಕಿಕೊಂಡು ಬಂದವರು. ಊರಿಗೆ ಪ್ರೌಢಶಾಲೆ ಇದೆ ಎಂದು ಕೈಪಿಡಿ ಹೇಳಿದರೆ ಅದು ಹಟ್ಟಿಯಿಂದ ಮೂರು ಕಿಲೋಮೀಟರ್ ದೂರದಲ್ಲಿರಬಹುದು; ಊರಿಗೆ ನಲ್ಲಿ ನೀರು ಬಂದಿದೆ ಎಂದರೆ ತಾಂಡಾಕ್ಕೂ ಬಂದಿದೆ ಎಂದರ್ಥವಲ್ಲ. ಸರಾಸರಿಯೊಳಗೆ ಹಟ್ಟಿಯ ಸ್ಥಿತಿ ಕಾಣದಂತಾಗುತ್ತದೆ, ಮತ್ತು ಕಾಣದ ಊರಿಗೆ ಯೋಜನೆಯೂ ಬರುವುದಿಲ್ಲ. ಈ ಕಾರಣಕ್ಕಾಗಿಯೇ ಹಟ್ಟಿ, ತಾಂಡಾಗಳ ಅಧ್ಯಯನಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಶ್ರಮ ಹಾಕಬೇಕು ಎಂದು ನಾವು ಹೇಳುತ್ತೇವೆ.

ದಾರಿಗಳಿವೆ. ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ದಾಖಲೆಗಳು ಜನವಸತಿವಾರು ಇರುತ್ತವೆ, ಗ್ರಾಮವಾರು ಮಾತ್ರವಲ್ಲ. ಶಾಲೆಗಳ ಯು–ಡೈಸ್ ದತ್ತಾಂಶದಲ್ಲಿ ಹಟ್ಟಿಯ ಕಿರಿಯ ಪ್ರಾಥಮಿಕ ಶಾಲೆಗೆ ತನ್ನದೇ ಸಂಕೇತ ಸಂಖ್ಯೆ ಇರುತ್ತದೆ. ಶಾಲೆ ಆರಂಭವಾದ ವರ್ಷ ಮತ್ತು ಮಕ್ಕಳ ಸಂಖ್ಯೆ ಅಲ್ಲಿ ಸಿಗುತ್ತವೆ. ಮತದಾರರ ಪಟ್ಟಿಯ ಪ್ರತಿ ಭಾಗದ ಮೊದಲ ಪುಟದಲ್ಲಿ ಆ ಭಾಗಕ್ಕೆ ಸೇರಿದ ವಸತಿಗಳ ಹೆಸರುಗಳನ್ನು ಬರೆದಿರುತ್ತಾರೆ. ಉಪಗ್ರಹ ಚಿತ್ರಗಳಲ್ಲಿ ಹಳೆಯ ವರ್ಷಗಳಿಗೆ ಹಿಂದೆ ಸರಿದು ಹಟ್ಟಿ ಬೆಳೆದ ಬಗೆಯನ್ನು ನೋಡಬಹುದು. ಇಸ್ರೋದ ಭುವನ್ ಜಾಲತಾಣವೂ ಈ ಕೆಲಸಕ್ಕೆ ಸಹಾಯಕ.

ಸರ್ಕಾರವು ಇತ್ತೀಚಿನ ವರ್ಷಗಳಲ್ಲಿ ತಾಂಡಾ, ಹಟ್ಟಿಗಳನ್ನು ಕಂದಾಯ ಗ್ರಾಮಗಳನ್ನಾಗಿ ಘೋಷಿಸುತ್ತಿದೆ. ಆದ್ದರಿಂದ ನಿಮ್ಮ ಹಟ್ಟಿಗೆ ಈಗ ಸ್ವಂತ ಗ್ರಾಮದ ಸ್ಥಾನ ಸಿಕ್ಕಿರಬಹುದು. ಅಧಿಸೂಚನೆಯನ್ನು ರಾಜ್ಯಪತ್ರದಲ್ಲಿ ಹುಡುಕಿ. ಇದಕ್ಕೆ ತದ್ವಿರುದ್ಧವಾದ ಪ್ರಸಂಗವೂ ಇದೆ. ಜನಗಣತಿಯ ಪಟ್ಟಿಯಲ್ಲಿ ಊರಿನ ಹೆಸರಿದ್ದು, ಜನಸಂಖ್ಯೆ ಸೊನ್ನೆ ಎಂದಿದ್ದರೆ ಅದು ಬೇಚಿರಾಕ್ ಗ್ರಾಮ. ಜಮೀನು, ಸರ್ವೆ ನಂಬರ್, ಕಂದಾಯ ಎಲ್ಲವೂ ಇದ್ದು ಜನರಿಲ್ಲದ ಗ್ರಾಮಗಳು ಇವು. ಹಾಳಾದ ಊರಿನ ಜನ ಎಲ್ಲಿಗೆ ಹೋದರು ಎಂಬುದು ಒಳ್ಳೆಯ ಅಧ್ಯಯನದ ವಿಷಯ, ಮತ್ತು ಪಕ್ಕದ ಊರಿನ ಒಕ್ಕಲುಗಳ ಮನೆತನದ ಹೆಸರುಗಳಲ್ಲಿ ಅದಕ್ಕೆ ಸುಳಿವು ಸಿಗುವುದುಂಟು.

ಊರಿನಲ್ಲಿ ಯಾವ ಜಾತಿಯವರು ಎಷ್ಟಿದ್ದಾರೆ ಎಂದು ಆನ್‌ಲೈನ್‌ನಲ್ಲಿ ತಿಳಿಯಬಹುದೇ?

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಒಟ್ಟು ಸಂಖ್ಯೆಯನ್ನು ಮಾತ್ರ ತಿಳಿಯಬಹುದು. ಸ್ವಾತಂತ್ರ್ಯಾನಂತರ 2011ರವರೆಗೆ ನಡೆದ ಯಾವ ಜನಗಣತಿಯಲ್ಲೂ ಉಳಿದ ಜಾತಿಗಳ ಎಣಿಕೆ ಇಲ್ಲ. ಜಾತಿವಾರು ಅಂಕಿ ಬೇಕಾದವರು 1931ರವರೆಗಿನ ಮೈಸೂರು ಸಂಸ್ಥಾನದ ಗಣತಿ ವರದಿಗಳಿಗೆ ಹಿಂದಿರುಗಬೇಕಾಗುತ್ತದೆ. ಅವು ಸ್ಕ್ಯಾನ್ ಆಗಿ ಇಂಟರ್ನೆಟ್ ಆರ್ಕೈವ್‌ನಲ್ಲಿ ದೊರೆಯುತ್ತವೆ, ಆದರೆ ಜಾತಿಯ ಅಂಕಿಗಳು ಊರಿನ ಮಟ್ಟದಲ್ಲಿ ಸಿಗುವುದಿಲ್ಲ. ಹಿಂದುಳಿದ ವರ್ಗಗಳ ಆಯೋಗಗಳ ವರದಿಗಳು ಇನ್ನೊಂದು ಮುಖ್ಯ ಆಕರ. 1972ರಲ್ಲಿ ನೇಮಕವಾಗಿ 1975ರಲ್ಲಿ ವರದಿ ಕೊಟ್ಟ ಎಲ್. ಜಿ. ಹಾವನೂರ ಆಯೋಗದ ಸಂಪುಟಗಳನ್ನು ಈ ಭಾಗದ ಯಾವುದೇ ಸಮುದಾಯದ ಅಧ್ಯಯನಕಾರರು ಓದಬೇಕು.

ಪರಿಶಿಷ್ಟ ಪಂಗಡದ ಅಂಕಿಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಕಾನೂನಿನ ಚರಿತ್ರೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಕರ್ನಾಟಕದ ಪರಿಶಿಷ್ಟ ಪಂಗಡಗಳ ಜನಸಂಖ್ಯೆ 1971ರಲ್ಲಿ ಸುಮಾರು 2.31 ಲಕ್ಷ, 1981ರಲ್ಲಿ ಸುಮಾರು 18.25 ಲಕ್ಷ. ಹತ್ತು ವರ್ಷಗಳಲ್ಲಿ ಯಾವ ಸಮುದಾಯವೂ ಹುಟ್ಟಿನಿಂದ ಎಂಟು ಪಟ್ಟು ಬೆಳೆಯುವುದಿಲ್ಲ. ಅಲ್ಲಿಯವರೆಗೆ ಕೆಲವು ಜಿಲ್ಲೆಗಳಿಗೆ ಮಾತ್ರ ಸೀಮಿತವಾಗಿದ್ದ ಪಂಗಡಗಳ ಹೆಸರುಗಳು 1976ರ ತಿದ್ದುಪಡಿಯಿಂದ ಇಡೀ ರಾಜ್ಯಕ್ಕೆ ಅನ್ವಯವಾದವು, ಅವುಗಳಲ್ಲಿ ನಾಯಕ ಎಂಬ ಹೆಸರೂ ಇತ್ತು. ಬೇಡ, ಬೇಡರ್, ವಾಲ್ಮೀಕಿ ಎಂಬ ಪರ್ಯಾಯ ಹೆಸರುಗಳು ಪಟ್ಟಿಗೆ ಸೇರಿದ್ದು 1991ರಲ್ಲಿ. 2011ರ ಗಣತಿಯಂತೆ ಚಿತ್ರದುರ್ಗ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರು ಶೇಕಡ ಸುಮಾರು 23, ಪರಿಶಿಷ್ಟ ಪಂಗಡದವರು ಶೇಕಡ ಸುಮಾರು 18. ಈ ಎರಡನೆಯ ಪ್ರಮಾಣವನ್ನು 1971ರ ಅಂಕಿಯೊಂದಿಗೆ ಹೋಲಿಸಿ ಏನನ್ನಾದರೂ ಸಾಧಿಸಲು ಹೊರಟರೆ ಅಧ್ಯಯನವೇ ದಾರಿ ತಪ್ಪುತ್ತದೆ.

ಬ್ರಿಟಿಷರ ಕಾಲದ ಜಾತಿ–ಬುಡಕಟ್ಟುಗಳ ಗ್ರಂಥಗಳನ್ನು ನಂಬಬಹುದೇ?

ಬಳಸಬಹುದು, ಕಣ್ಣುಮುಚ್ಚಿ ನಂಬಿ ಒಪ್ಪಿಕೊಳ್ಳಬಾರದು. 1909ರಲ್ಲಿ ಹೊರಬಂದ ಎಡ್ಗರ್ ಥರ್ಸ್ಟನ್ ಅವರ ಸಂಪುಟಗಳಾಗಲಿ, ಎಚ್. ವಿ. ನಂಜುಂಡಯ್ಯ ಮತ್ತು ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಮೈಸೂರು ಸಂಸ್ಥಾನದ ಜಾತಿಗಳ ಬಗ್ಗೆ ಸಿದ್ಧಪಡಿಸಿದ ಸಂಪುಟಗಳಾಗಲಿ ನೂರು ವರ್ಷ ಹಿಂದಿನ ಆಚರಣೆ, ಬೆಡಗು (ಕುಲದ ಒಳಪಂಗಡ), ಮದುವೆಯ ಕ್ರಮಗಳ ವಿವರಗಳನ್ನು ಉಳಿಸಿಕೊಟ್ಟಿವೆ. ಆದರೆ ಆ ಕಾಲದ ಆಡಳಿತದ ದೃಷ್ಟಿ, ಮೇಲುಕೀಳಿನ ಮಾತು, ಒಬ್ಬಿಬ್ಬರು ಮಾಹಿತಿದಾರರಿಂದ ಕೇಳಿ ಇಡೀ ಸಮುದಾಯಕ್ಕೆ ಅನ್ವಯಿಸುವ ಅಭ್ಯಾಸ, ಎಲ್ಲವೂ ಅವುಗಳಲ್ಲಿ ಸೇರಿವೆ. ಗೊಲ್ಲರೆಂಬ ಒಂದೇ ಶೀರ್ಷಿಕೆಯ ಕೆಳಗೆ ಊರುಗೊಲ್ಲರೂ ಕಾಡುಗೊಲ್ಲರೂ ಬರುವುದರಿಂದ, ಯಾವ ವಾಕ್ಯ ಯಾರ ಬಗ್ಗೆ ಎಂದು ಬಿಡಿಸಿ ಓದಬೇಕು. ಆ ಗ್ರಂಥಗಳ ಅವಮಾನಕರ ಪದಗಳನ್ನು ಉದ್ಧರಣ ಚಿಹ್ನೆಯಿಲ್ಲದೆ ನಿಮ್ಮ ಬರಹಕ್ಕೆ ತರಬೇಡಿ.

ಇವುಗಳಿಗೆ ಎದುರಾಗಿ ಇಟ್ಟು ನೋಡಲು ಶೋಧಗಂಗಾ ಭಂಡಾರದಲ್ಲಿರುವ ಪಿಎಚ್.ಡಿ. ಪ್ರಬಂಧಗಳು ಬಹಳ ಉಪಯುಕ್ತ. ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ, ದಾವಣಗೆರೆ ವಿಶ್ವವಿದ್ಯಾಲಯ 2009ರಲ್ಲಿ ಆರಂಭವಾದವು. ಇಂಥ ವಿಶ್ವವಿದ್ಯಾಲಯಗಳ ಪ್ರಬಂಧಗಳಲ್ಲಿ ಕ್ಷೇತ್ರಕಾರ್ಯದ ಅಧ್ಯಾಯವನ್ನು ಮೊದಲು ಓದಿ. ಸಂಶೋಧಕರು ಎಷ್ಟು ಊರುಗಳಿಗೆ ಹೋಗಿದ್ದರು, ಯಾರನ್ನು ಮಾತನಾಡಿಸಿದ್ದರು ಎಂಬುದು ಅಲ್ಲಿ ತಿಳಿಯುತ್ತದೆ, ಮತ್ತು ಪ್ರಬಂಧದ ತೂಕವೂ ಅಲ್ಲೇ ತಿಳಿಯುತ್ತದೆ.

ಊರಿನ ಶಾಸನಗಳನ್ನು ಎಲ್ಲಿ ಹುಡುಕಬೇಕು?

ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳ ಮಾಲೆಯಲ್ಲಿ 11ನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಅದು ಅಂದಿನ ಚಿತ್ರದುರ್ಗ, ಅಂದರೆ ದಾವಣಗೆರೆ ಮತ್ತು ಜಗಳೂರು ಅದರಲ್ಲೇ ಇವೆ. ಹರಿಹರದ ಶಾಸನಗಳನ್ನು ದಾವಣಗೆರೆ ತಾಲ್ಲೂಕಿನ ಸಂಖ್ಯೆಗಳಲ್ಲಿ ಹುಡುಕಬೇಕು. ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳ ಶಾಸನಗಳು ಶಿವಮೊಗ್ಗ ಜಿಲ್ಲೆಯ 7ನೆಯ ಸಂಪುಟದಲ್ಲಿವೆ. ಹರಪನಹಳ್ಳಿ ಮದರಾಸು ಪ್ರಾಂತ್ಯಕ್ಕೆ ಸೇರಿದ್ದರಿಂದ ಅದು ಈ ಮಾಲೆಯಲ್ಲೇ ಇಲ್ಲ. ದಕ್ಷಿಣ ಭಾರತದ ಶಾಸನಗಳ ಮಾಲೆಯಲ್ಲಿ ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳಿಗೆ ಮೀಸಲಾದ 9ನೆಯ ಸಂಪುಟವನ್ನು ನೋಡಬೇಕು. ಈ ಸಂಪುಟಗಳು ಸ್ಕ್ಯಾನ್ ರೂಪದಲ್ಲಿ ದೊರೆಯುತ್ತವೆ. ಅನುವಾದವನ್ನು ಓದಿ ಬಿಡದೆ ಶಾಸನದ ಕನ್ನಡ ಪಾಠವನ್ನೂ ಓದಿ, ಏಕೆಂದರೆ ಕೆರೆ, ತೂಬು, ಗದ್ದೆ, ಒಕ್ಕಲುಗಳ ಸ್ಥಳೀಯ ಹೆಸರುಗಳು ಉಳಿದಿರುವುದು ಅಲ್ಲಿ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಅಶೋಕ ಶಾಸನಗಳನ್ನು ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದರು. ಈ ಸ್ಥಳಗಳ ಬಗ್ಗೆ ಬರೆಯುವವರು ಪ್ರವಾಸಿ ಕೈಪಿಡಿಗಳ ಸಾರಾಂಶಕ್ಕಿಂತ ಮೂಲ ಉತ್ಖನನ ವರದಿಯನ್ನೂ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳನ್ನೂ ನೋಡಬೇಕು.

ಗೋಮಾಳ, ಕಾವಲು, ಕೆರೆ ಮೊದಲಾದ ಸಾಮೂಹಿಕ ಜಾಗಗಳ ಚರಿತ್ರೆ ತಿಳಿಯುವುದು ಹೇಗೆ?

ಭೂಮಿ ತಂತ್ರಾಂಶದಲ್ಲಿ ಸರ್ವೆ ನಂಬರ್ ಕೊಟ್ಟರೆ ಪಹಣಿ ಮತ್ತು ಮ್ಯುಟೇಶನ್ (ಹಕ್ಕು ಬದಲಾವಣೆ) ವಿವರ ಬರುತ್ತದೆ. ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ತಿಳಿಯುತ್ತದೆ. ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಗ್ರಾಮ ನಕ್ಷೆಗಳಿದ್ದು, ಕೆರೆ, ಹಳ್ಳ, ಬಂಡಿದಾರಿ, ಕೆಲವೊಮ್ಮೆ ಹಾಳೂರಿನ ಜಾಗವೂ ಅವುಗಳಲ್ಲಿ ಗುರುತಾಗಿರುತ್ತದೆ. ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಪಕ್ಕದಲ್ಲಿಟ್ಟು ನೋಡಿದರೆ ಊರಿನ ನೂರು ವರ್ಷದ ಬದಲಾವಣೆ ಒಂದು ಸಂಜೆಯಲ್ಲಿ ಕಣ್ಣಿಗೆ ಕಾಣುತ್ತದೆ.

ನ್ಯಾಯಾಲಯಗಳ ಆದೇಶಗಳನ್ನು ನಮ್ಮ ಸಂಶೋಧಕರು ಸಾಕಷ್ಟು ಬಳಸಿಕೊಂಡಿಲ್ಲ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ (ಅಮೃತಮಹಲ್ ತಳಿಯ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲುಗಳಲ್ಲಿ) ಸುಮಾರು 10 ಸಾವಿರ ಎಕರೆಯನ್ನು ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ, ಇಸ್ರೋ, ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರ ಮೊದಲಾದವುಗಳಿಗೆ ಕೊಟ್ಟಾಗ ದನ, ಕುರಿ ಮೇಯಿಸುವ ಸುತ್ತಲ ಹಳ್ಳಿಗಳ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು, 2014ರಲ್ಲಿ ತೀರ್ಪು ಬಂತು. ಇಂಥ ಪ್ರಕರಣದ ದಾಖಲೆಗಳಲ್ಲಿ ಅರ್ಜಿದಾರರ ಮಾತು, ಜಿಲ್ಲಾಡಳಿತದ ಉತ್ತರ, ಸತ್ಯಶೋಧನಾ ಸಮಿತಿಯ ವರದಿ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಒಂದು ಪಕ್ಷದ ವಾದವನ್ನು ತೀರ್ಪಿನ ನಿರ್ಣಯವೆಂದು ತಪ್ಪಾಗಿ ಉಲ್ಲೇಖಿಸದಂತೆ ಮಾತ್ರ ಎಚ್ಚರ ವಹಿಸಿ.

ಕಸುಬಿನ ಸಮುದಾಯಗಳ ಅಧ್ಯಯನಕ್ಕೆ ಆಕರಗಳಿವೆಯೇ?

ಕಸುಬನ್ನು ಅವಲಂಬಿಸಿ ಹೆಚ್ಚು ಕಡಿಮೆ ಇವೆ. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿರುವುದರಿಂದ ಅದರ ಅರ್ಜಿ ನೋಂದಣಿ ಕಚೇರಿಯ ಜಾಲತಾಣದಲ್ಲಿದೆ; ನೇಯ್ಗೆಯ ಕ್ರಮ, ಪ್ರದೇಶ, ಚರಿತ್ರೆಗಳನ್ನು ಇಂಥ ಅರ್ಜಿಗಳಲ್ಲಿ ವಿವರವಾಗಿ ಬರೆದಿರುತ್ತಾರೆ. ಮಾನ್ಯತೆ ಪಡೆಯುವ ಉದ್ದೇಶದಿಂದ ಬರೆದದ್ದು ಎಂಬುದು ಓದುವಾಗ ನೆನಪಿರಲಿ. ಜನಗಣತಿಯ ಗೃಹ ಕೈಗಾರಿಕೆಯ ಅಂಕಣವನ್ನು ಅದರೊಂದಿಗೆ ಸೇರಿಸಿ ನೋಡಿ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ವಿಷಯ ಬೇರೆ. ಊರಿಗೆಲ್ಲ ಮಂಡಕ್ಕಿ ಕೊಡುವ ಈ ಕಸುಬಿನವರ ಬಗ್ಗೆ ವ್ಯವಸ್ಥಿತ ದಾಖಲೆ ಕಡಿಮೆ. ಹೊಗೆ, ಬಾಲಕಾರ್ಮಿಕರು, ಆರೋಗ್ಯದ ಸುದ್ದಿಯಾದಾಗ ಮಾತ್ರ ಅವರು ಪತ್ರಿಕೆಯಲ್ಲಿ ಕಾಣಿಸಿಕೊಳ್ಳುತ್ತಾರೆ. ತೊಂದರೆಯ ಸುದ್ದಿಗಳನ್ನಷ್ಟೇ ಜೋಡಿಸಿದರೆ ಒಂದು ಸಮುದಾಯದ ಚಿತ್ರ ಎಷ್ಟು ಏಕಮುಖವಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ. ಇಲ್ಲಿ ಆನ್‌ಲೈನ್ ಆಕರ ಸಾಲದು, ಭಟ್ಟಿಗಳಿಗೇ ಹೋಗಬೇಕು. ಹಳೆಯ ಕಾಲದ ಹೋಲಿಕೆ ಬೇಕಾದವರು 1801ರಲ್ಲಿ ಹರಿಹರ, ದಾವಣಗೆರೆ, ಚಿತ್ರದುರ್ಗಗಳ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್ ಬರೆದ ಪ್ರವಾಸ ಕಥನವನ್ನು ನೋಡಬಹುದು. 1807ರಲ್ಲಿ ಪ್ರಕಟವಾದ ಅದರಲ್ಲಿ ಈ ಭಾಗದ ಕಂಬಳಿ ನೇಯ್ಗೆಯ ಪ್ರಸ್ತಾಪವಿದೆ.

ವಿಕಿಪೀಡಿಯ ಮತ್ತು ಎಐ ಚಾಟ್‌ಬಾಟ್‌ಗಳ ಉತ್ತರಗಳನ್ನು ಉಲ್ಲೇಖಿಸಬಹುದೇ?

ವಿಕಿಪೀಡಿಯ ಲೇಖನದ ಅಡಿಟಿಪ್ಪಣಿಗಳವರೆಗೆ ಹೋಗಿ, ಅಲ್ಲಿ ಹೆಸರಿಸಿದ ಮೂಲವನ್ನು ತೆರೆದು, ಅದನ್ನು ಉಲ್ಲೇಖಿಸಿ. ಅಡಿಟಿಪ್ಪಣಿ ಇಲ್ಲದ ವಾಕ್ಯವನ್ನು ಬಿಟ್ಟುಬಿಡಿ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶದ ಲೇಖನಗಳು ವಿಕಿಸೋರ್ಸ್‌ನಲ್ಲಿವೆ. ಅವು ತಜ್ಞರು ಬರೆದವು, ಆದರೆ ಬರೆದ ಕಾಲಕ್ಕೆ ಸೇರಿದವು. ಚಾಟ್‌ಬಾಟ್‌ಗಳು ಹುಡುಕಬೇಕಾದ ಪದಗಳನ್ನು ಸೂಚಿಸಲು ನೆರವಾಗುತ್ತವೆ, ಸಣ್ಣ ಊರುಗಳ ವಿಷಯದಲ್ಲಿ ಮಾತ್ರ ಒಂದೇ ಹೆಸರಿನ ಹಲವು ಊರುಗಳನ್ನು ಬೆರೆಸಿ ನಂಬುವಂಥ ಭಾಷೆಯಲ್ಲಿ ಉತ್ತರ ಕೊಡುತ್ತವೆ. ಅವುಗಳ ಉತ್ತರ ಆಕರವಲ್ಲ.

ದಾಖಲೆ ಮತ್ತು ಜನರ ನೆನಪುಗಳನ್ನು ಬೇರೆ ಬೇರೆಯಾಗಿ ಹೇಳುವ ಶಿಸ್ತನ್ನೂ ಇಲ್ಲೇ ಹೇಳಬೇಕು. ಚಿತ್ರದುರ್ಗದ ಕೋಟೆ 1779ರಲ್ಲಿ ಹೈದರಾಲಿಯ ವಶವಾಯಿತು ಎಂಬುದಕ್ಕೆ ಸಮಕಾಲೀನ ದಾಖಲೆಗಳ ಆಧಾರವಿದೆ. ಒನಕೆ ಓಬವ್ವನ ಶೌರ್ಯ ಈ ನೆಲದ ಜನ ಹೃದಯದಲ್ಲಿ ಇಟ್ಟುಕೊಂಡು ಬಂದ ನೆನಪು. ಎರಡಕ್ಕೂ ಗೌರವವಿದೆ, ಆದರೆ ಎರಡನೆಯದಕ್ಕೆ ತಾರೀಖು, ಸಂಖ್ಯೆಗಳನ್ನು ಕಲ್ಪಿಸಿ ಜೋಡಿಸುವ ಜಾಲತಾಣಗಳಿಂದ ನಕಲು ಮಾಡಬೇಡಿ.

ಪತ್ರಿಕೆಗಳು ಮತ್ತು ಯೂಟ್ಯೂಬ್ ವಿಡಿಯೊಗಳು?

ಸ್ಥಳೀಯ ಪತ್ರಿಕೆಗಳು ಅಮೂಲ್ಯ. ದಾವಣಗೆರೆಯ ಜನತಾವಾಣಿಯಂಥ ದಿನಪತ್ರಿಕೆಗಳಲ್ಲಿ ಬರುವ ಊರುಗಳ ಸುದ್ದಿ ರಾಜ್ಯ ಪತ್ರಿಕೆಗಳಲ್ಲಿ ಬರುವುದಿಲ್ಲ. ಆದರೆ ಜಾತ್ರೆಯ ವರದಿಗಳಲ್ಲಿ ಹಿಂದಿನ ವರ್ಷದ ಹಿನ್ನೆಲೆಯ ಪ್ಯಾರಾ ಹಾಗೆಯೇ ಮರುಮುದ್ರಣವಾಗುತ್ತದೆ, ಆದ್ದರಿಂದ ಹತ್ತು ವರದಿಗಳು ಒಂದೇ ಮಾತು ಹೇಳಿದರೂ ಮೂಲ ಒಂದೇ ಇರಬಹುದು. ಚಳ್ಳಕೆರೆ ತಾಲ್ಲೂಕಿನ ಕ್ಯಾತೇದೇವರ ಜಾತ್ರೆಯ ಮುಳ್ಳಿನ ಗುಡಿಯ ವಿಡಿಯೊಗಳು ಆಚರಣೆಯನ್ನು ನೋಡಲು ಒಳ್ಳೆಯವು. ಅಪ್‌ಲೋಡ್ ಮಾಡಿದ ದಿನವನ್ನೇ ಚಿತ್ರೀಕರಿಸಿದ ದಿನವೆಂದು ಭಾವಿಸಬೇಡಿ.

ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಏಕೆ?

ಮೂರು ಕಾರಣಗಳಿವೆ. ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ಚಿತ್ರದುರ್ಗವನ್ನು ಚಿತಲ್‌ಡ್ರೂಗ್, ಚಿತಲ್‌ದುರ್ಗ್ ಎಂದೂ ದಾವಣಗೆರೆಯನ್ನು ದಾವಣ್‌ಗೆರೆ ಎಂದೂ ಬರೆದಿದ್ದಾರೆ, ಆದ್ದರಿಂದ ಇಂಗ್ಲಿಷಿನಲ್ಲೂ ಎಲ್ಲ ರೂಪಗಳನ್ನು ಕೊಟ್ಟು ನೋಡಬೇಕು. ಎರಡನೆಯದಾಗಿ, ನಮ್ಮ ಕಚೇರಿಗಳ ಹಳೆಯ ಕನ್ನಡ ಪಿಡಿಎಫ್‌ಗಳು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿವೆ. ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಯೂನಿಕೋಡ್ ಅಲ್ಲದ ಕಾರಣ ಹುಡುಕಾಟಕ್ಕೆ ಸಿಗುವುದಿಲ್ಲ. ಅವುಗಳನ್ನು ಇಳಿಸಿಕೊಂಡು ಫಾಂಟ್ ಪರಿವರ್ತಕದಲ್ಲಿ ಬದಲಿಸಿ. ಮೂರನೆಯದು ಸ್ಕ್ಯಾನ್ ಮಾಡಿದ ಪುಟಗಳು; ಇವಕ್ಕೆ ಅಕ್ಷರ ಗುರುತಿಸುವ ತಂತ್ರಾಂಶ ಬೇಕು, ಮತ್ತು ಒತ್ತಕ್ಷರಗಳನ್ನು ಅದು ತಪ್ಪಾಗಿ ಓದುವುದರಿಂದ ಪರಿಶೀಲನೆಯೂ ಬೇಕು. ಸಿಕ್ಕಿದ್ದನ್ನು ಕೂಡಲೇ ಉಳಿಸಿಕೊಂಡು ನೋಡಿದ ದಿನಾಂಕ ಬರೆಯಿರಿ, ಏಕೆಂದರೆ ಇಲಾಖೆಗಳ ಜಾಲತಾಣಗಳ ವಿಳಾಸ ಬದಲಾದಾಗ ಹಳೆಯ ಕಡತಗಳು ಸಿಗದಂತಾಗುತ್ತವೆ.

ಎರಡು ಸರ್ಕಾರಿ ದಾಖಲೆಗಳೇ ಮನೆಗಳ ಸಂಖ್ಯೆಯನ್ನು ಬೇರೆ ಬೇರೆಯಾಗಿ ಹೇಳಿದರೆ?

ಎಣಿಸಿದ ವಸ್ತು ಒಂದೇ ಆಗಿದೆಯೇ ನೋಡಿ. ಜನಗಣತಿಯಲ್ಲಿ ಒಂದೇ ಅಡುಗೆಯಲ್ಲಿ ಉಣ್ಣುವವರು ಒಂದು ಕುಟುಂಬ. ಪಂಚಾಯಿತಿಯ ಲೆಕ್ಕದಲ್ಲಿ ಎಣಿಕೆಯಾಗುವುದು ತೆರಿಗೆಯ ಕಟ್ಟಡ. ಪಡಿತರ ಚೀಟಿಯ ಲೆಕ್ಕದಲ್ಲಿ ಅಣ್ಣತಮ್ಮಂದಿರು ಒಂದೇ ಮನೆಯಲ್ಲಿದ್ದೂ ಬೇರೆ ಬೇರೆ ಕುಟುಂಬಗಳಾಗಿರಬಹುದು. ಮೂರನ್ನೂ ಕೊಟ್ಟು, ವ್ಯತ್ಯಾಸಕ್ಕೆ ಕಾರಣ ಹೇಳಿ. ಸರಾಸರಿ ತೆಗೆಯುವುದು ತಪ್ಪು.

ಜನರ ಹೆಸರಿರುವ ಪಟ್ಟಿಗಳು ಆನ್‌ಲೈನ್‌ನಲ್ಲೇ ಇವೆ. ಅವುಗಳನ್ನು ಪ್ರಕಟಿಸಬಹುದೇ?

ಪ್ರಕಟಿಸಬಾರದು. ಮತದಾರರ ಪಟ್ಟಿ, ಪಡಿತರ ಪಟ್ಟಿ, ನರೇಗಾ ಕೂಲಿಯ ಪಟ್ಟಿಗಳು ಆಡಳಿತದ ಪಾರದರ್ಶಕತೆಗಾಗಿ ತೆರೆದಿರುವಂಥವು. ಅವುಗಳಿಂದ ಒಬ್ಬರ ಜಾತಿ, ಕೂಲಿ, ಬಡತನವನ್ನು ಎತ್ತಿ ಬೇರೊಂದು ಕಡೆ ಹಾಕುವುದು ಅವರಿಗೆ ಮಾಡುವ ಅನ್ಯಾಯ. ನಲವತ್ತು ಮನೆಗಳ ಹಟ್ಟಿಯಲ್ಲಿ ಹೆಸರು ಬಿಟ್ಟರೂ ಸಾಲದು. ವಿಧವೆ, ಐವತ್ತರ ವಯಸ್ಸು, ಮೂರು ಎಕರೆ ಎಂದರೆ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಅಂಥ ಕಡೆ ವಿವರಗಳನ್ನು ಒಟ್ಟುಗೂಡಿಸಿ ಬರೆಯಿರಿ. ಮುಟ್ಟು, ಬಾಣಂತನಕ್ಕೆ ಸಂಬಂಧಿಸಿದ ಹಟ್ಟಿಯ ಕಟ್ಟುಪಾಡುಗಳ ಬಗ್ಗೆ ಬರೆಯುವಾಗ ಹೆಂಗಸರ ಒಪ್ಪಿಗೆ ಇಲ್ಲದೆ ಚಿತ್ರ, ವಿಡಿಯೊ ಬಳಸಲೇಬಾರದು.

ಬೇಕಾದ ದಾಖಲೆ ಆನ್‌ಲೈನ್‌ನಲ್ಲಿ ಇಲ್ಲದಿದ್ದರೆ ಏನು ಮಾಡಬೇಕು?

ಜಿಲ್ಲಾ ಸಂಖ್ಯಾ ಸಂಗ್ರಹಣಾಧಿಕಾರಿಯವರ ಕಚೇರಿಯಲ್ಲಿ ವಾರ್ಷಿಕ ಅಂಕಿಅಂಶ ಪುಸ್ತಕಗಳಿರುತ್ತವೆ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಕೈಬರಹದ ಪಹಣಿಗಳಿರುತ್ತವೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು 150 ಪದ ಮೀರಬಾರದು. ಅದಕ್ಕೂ ಮುನ್ನ, ಅದೇ ಕಾಯ್ದೆಯ 4ನೆಯ ಸೆಕ್ಷನ್ ಪ್ರಕಾರ ಕಚೇರಿಗಳು ತಾವಾಗಿಯೇ ಪ್ರಕಟಿಸಿರುವ ಮಾಹಿತಿಯಲ್ಲಿ ನಿಮಗೆ ಬೇಕಾದದ್ದು ಇದೆಯೇ ಎಂದು ನೋಡಿಕೊಳ್ಳಿ.

ನಮ್ಮ ಊರಿನ ಬಗ್ಗೆ ಆನ್‌ಲೈನ್‌ನಲ್ಲಿ ತಪ್ಪು ಇದ್ದರೆ ಸರಿಪಡಿಸಬಹುದೇ?

ಹಲವು ಕಡೆ ನೀವೇ ಸರಿಪಡಿಸಬಹುದು. ಕನ್ನಡ ವಿಕಿಪೀಡಿಯದಲ್ಲಿ ಊರಿನ ಲೇಖನವನ್ನು ತಿದ್ದಿ, ಪ್ರತಿ ವಾಕ್ಯಕ್ಕೂ ಪ್ರಕಟಿತ ಆಧಾರವನ್ನು ಕೊಡಿ; ಅಜ್ಜಿ ಹೇಳಿದ ಮಾತು ನಿಮ್ಮ ಪ್ರಬಂಧಕ್ಕೆ ಒಳ್ಳೆಯ ಆಕರವಾದರೂ ಅಲ್ಲಿ ನಿಲ್ಲುವುದಿಲ್ಲ. ಗೂಗಲ್ ಮ್ಯಾಪ್‌ನಲ್ಲಿ ಹೆಸರು ತಪ್ಪಿದ್ದರೆ ಸೂಚನೆ ಕಳುಹಿಸಬಹುದು. ಓಪನ್ ಸ್ಟ್ರೀಟ್ ಮ್ಯಾಪ್‌ನಲ್ಲಿ ಇನ್ನೂ ಗುರುತಾಗದ ಹಟ್ಟಿ, ತಾಂಡಾಗಳನ್ನು ಅಲ್ಲಿಯವರು ಕರೆಯುವ ಹೆಸರಿನಲ್ಲಿಯೇ ಕನ್ನಡ ಲಿಪಿಯಲ್ಲಿ ಸೇರಿಸಬಹುದು, ಕೆರೆ, ಗುಡಿ, ಶಾಲೆ, ಕುರಿರೊಪ್ಪಗಳನ್ನೂ ಗುರುತಿಸಬಹುದು. ಸರ್ಕಾರದ ಗ್ರಾಮ ಪಟ್ಟಿಯಲ್ಲಿ ತಪ್ಪಿದ್ದರೆ ಸಂಕೇತ ಸಂಖ್ಯೆ, ಸರಿಯಾದ ಹೆಸರು ಮತ್ತು ಹಳೆಯ ದಾಖಲೆಯ ಪ್ರತಿಯೊಂದಿಗೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯಲ್ಲಿ ವಿಷಯ ಮಂಡಿಸಿ ನಡಾವಳಿಯಲ್ಲಿ ಬರೆಸಿದ್ದರೆ ಆ ನಡಾವಳಿಯ ಪ್ರತಿಯನ್ನೂ ಅರ್ಜಿಗೆ ಲಗತ್ತಿಸಿ.